ಬಿಡುಗಡೆಗೆ ಮುಂಚೆ ಉಬುಂಟು ಪರೀಕ್ಷಿಸುವುದು ಹೇಗೆ? ಕನ್ನಡ ಬಳಸುವವರಿಗಾಗಿ ಹಂತಹಂತದ ಮಾರ್ಗದರ್ಶಿ

ಉಬುಂಟು ಎಂಬುದು ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಬೀಟಾ ಅಂದರೆ ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಕೊಡುವ ಅದರ ಪ್ರತಿ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳು ಬಂದರೆ ಅವೇ ಪ್ರಶ್ನೆಗಳು ಶುರುವಾಗುತ್ತವೆ. ಉಬುಂಟು ಬೀಟಾ ಬಂದಿದೆಯಂತೆ, ಹಾಕಿಕೊಳ್ಳಬಹುದಾ? ಇರುವ ಫೈಲುಗಳು ಹೋಗಿಬಿಡುತ್ತವಾ? ಕೋಡಿಂಗ್ ಬರದವರು ಪರೀಕ್ಷೆ ಮಾಡಿದರೆ ಏನಾದರೂ ಪ್ರಯೋಜನ ಇದೆಯಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಮೊದಲು ಚಿಕ್ಕ ಉತ್ತರ. ಹಾಕಿಕೊಳ್ಳಬಹುದು, ಆದರೆ ದಿನದ ಕೆಲಸ ಮಾಡುವ ಕಂಪ್ಯೂಟರಿಗೆ ಬೇಡ. ಬ್ಯಾಕಪ್ ಇದ್ದರೆ ಫೈಲುಗಳ ಭಯ ಇಲ್ಲ. ಕೋಡಿಂಗ್ ಬೇಕಾಗಿಲ್ಲ, ತಾಳ್ಮೆ ಬೇಕು. ಇನ್ನೊಂದು ಮಾತು: ವೈಫೈ ಕೆಟ್ಟರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರಾದರೂ ಅದನ್ನು ವರದಿ ಮಾಡುತ್ತಾರೆ. ಆದರೆ 'ಸ್ತ್ರೀ' ಎಂದು ಟೈಪ್ ಮಾಡಿದಾಗ ಒತ್ತಕ್ಷರ ಪಕ್ಕಕ್ಕೆ ಜರುಗಿ ಕೂತರೆ ಅದು ತಪ್ಪು ಅಂತ ಗೊತ್ತಾಗುವುದು ಕನ್ನಡ ಓದುವವರಿಗೆ ಮಾತ್ರ. ನಾವು ಹೇಳದೆ ಇದ್ದರೆ ಆ ತಪ್ಪು ಹಾಗೇ ಬಿಡುಗಡೆಯಾಗುತ್ತದೆ. ಆಮೇಲೆ ಅದರ ಜೊತೆ ತಿಂಗಳುಗಟ್ಟಲೆ ಬದುಕಬೇಕಾದವರೂ ನಾವೇ.

ಯಾವಾಗ ಪರೀಕ್ಷಿಸಬೇಕು?

ಉಬುಂಟು ವರ್ಷಕ್ಕೆ ಎರಡು ಸಲ ಬರುತ್ತದೆ, ಏಪ್ರಿಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು. ಹೆಸರಿನ ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತವೆ: 24.04 ಅಂದರೆ 2024ರ ಏಪ್ರಿಲ್. ಸಮ ವರ್ಷದ ಏಪ್ರಿಲಿನಲ್ಲಿ ಬರುವುದು ಎಲ್‌ಟಿಎಸ್, ಅಂದರೆ 5 ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ. ಉಳಿದವುಗಳಿಗೆ 9 ತಿಂಗಳು ಮಾತ್ರ. ಶಾಲೆ, ಗ್ರಂಥಾಲಯ, ಸಣ್ಣ ಕಚೇರಿಗಳಲ್ಲಿ ಎಲ್‌ಟಿಎಸ್ ಹಾಕುವುದೇ ಜಾಸ್ತಿ. ಹಾಗಾಗಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಲು ಆಗದಿದ್ದರೆ ಎಲ್‌ಟಿಎಸ್ ಬೀಟಾ ಒಂದನ್ನಾದರೂ ಬಿಡಬೇಡಿ.

ತಯಾರಾಗುತ್ತಿರುವ ಆವೃತ್ತಿ ಮುಖ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ. 'ಡೈಲಿ ಬಿಲ್ಡ್' ಅಂದರೆ ಆವತ್ತಿನವರೆಗಿನ ಕೆಲಸವನ್ನು ಸೇರಿಸಿ ದಿನವೂ ತಾನಾಗಿ ತಯಾರಾಗುವ ಪ್ರತಿ. ಅದು ಇವತ್ತು ಬೂಟ್ ಆಗಬಹುದು, ಅಂದರೆ ಶುರುವಾಗಬಹುದು, ನಾಳೆ ಆಗದೇ ಇರಬಹುದು. 'ಬೀಟಾ' ಬಿಡುಗಡೆಗೆ ಕೆಲವು ವಾರ ಮುಂಚೆ ಬರುತ್ತದೆ. ಕೊನೆಯ ವಾರದಲ್ಲಿ ಬರುವುದು 'ರಿಲೀಸ್ ಕ್ಯಾಂಡಿಡೇಟ್', ದೊಡ್ಡ ತೊಂದರೆ ಸಿಗದಿದ್ದರೆ ಅದೇ ಅಂತಿಮ ಆವೃತ್ತಿ. ಮೊದಲ ಸಲ ಪರೀಕ್ಷಿಸುವವರಿಗೆ ಬೀಟಾ ಸರಿಯಾದ ಜಾಗ.

ಇದರ ಜೊತೆ 'ಫ್ರೀಜ್' ಎಂಬ ಪದವನ್ನೂ ತಿಳಿದಿರಿ. ಒಂದು ದಿನಾಂಕದ ನಂತರ ಹೊಸ ಸೌಲಭ್ಯ ಸೇರಿಸುವಂತಿಲ್ಲ, ಇನ್ನೊಂದು ದಿನಾಂಕದ ನಂತರ ಬಹಳ ಮುಖ್ಯವಾದ ದೋಷಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಇಂಥ ಗಡುವುಗಳೇ ಫ್ರೀಜ್. 24.04ಕ್ಕೆ ಹೊಸ ಸೌಲಭ್ಯಗಳ ಗಡುವು 2024ರ ಫೆಬ್ರವರಿ 29ಕ್ಕೆ ಮುಗಿಯಿತು, ಬೀಟಾ ಏಪ್ರಿಲ್ 11ಕ್ಕೆ ಬಂತು, ಬಿಡುಗಡೆ ಏಪ್ರಿಲ್ 25ಕ್ಕೆ ಆಯಿತು. ಬೀಟಾ ಮತ್ತು ಬಿಡುಗಡೆಯ ನಡುವೆ ಇದ್ದದ್ದು ಎರಡೇ ವಾರ. ಬೀಟಾ ಬಂದ ಮೊದಲ ಎರಡು ಮೂರು ದಿನಗಳಲ್ಲೇ ದೋಷ ತಿಳಿಸಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ಬಿಡುಗಡೆಯ ಹಿಂದಿನ ದಿನ ತಿಳಿಸಿದರೆ ಬಹುಪಾಲು ಮುಂದಿನ ಅಪ್‌ಡೇಟಿಗೇ ಕಾಯಬೇಕು.

ಏನೇನು ಬೇಕು?

8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್ ಒಂದು. ಇಳಿಸಬೇಕಾದ ಫೈಲು 6 ಜಿಬಿ ಆಸುಪಾಸು ಇರುವುದರಿಂದ 4 ಜಿಬಿಯದು ಸಾಲದು. ಬ್ಯಾಕಪ್ಪಿಗೆ ಬೇರೆಯೇ ಒಂದು ಹಾರ್ಡ್ ಡಿಸ್ಕ್. 4 ಜಿಬಿ ರ‍್ಯಾಮ್ ಮತ್ತು 25 ಜಿಬಿ ಖಾಲಿ ಜಾಗ ಇರುವ ಕಂಪ್ಯೂಟರ್. 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ಲಾಂಚ್‌ಪ್ಯಾಡ್ ಎಂಬ ತಾಣದಲ್ಲಿ ಒಂದು ಖಾತೆ. ಉಬುಂಟುವಿನ ದೋಷಗಳೆಲ್ಲ ದಾಖಲಾಗುವುದು ಅಲ್ಲೇ, ಖಾತೆ ಉಚಿತ. ಒಂದು ನೋಟ್‌ಬುಕ್ಕು, ಪೆನ್ನು. ಪರೀಕ್ಷಿಸುತ್ತಿರುವ ಕಂಪ್ಯೂಟರ್ ಕೈಕೊಟ್ಟಾಗ ಅದರೊಳಗೇ ಬರೆದಿಟ್ಟ ಟಿಪ್ಪಣಿ ಸಿಗುವುದಿಲ್ಲ, ಅದಕ್ಕೇ ಕಾಗದ.

ಹಂತ 1: ಎಲ್ಲಿ ಪರೀಕ್ಷಿಸುತ್ತೀರಿ ಎಂದು ತೀರ್ಮಾನಿಸಿ

ಮೂರು ದಾರಿಗಳಿವೆ.

ಒಂದು, ವರ್ಚುವಲ್ ಮೆಷಿನ್. ಇರುವ ಕಂಪ್ಯೂಟರಿನೊಳಗೆ ಒಂದು ಕಿಟಕಿಯಲ್ಲಿ ಇನ್ನೊಂದು ಕಂಪ್ಯೂಟರ್ ಓಡಿಸಿದ ಹಾಗೆ. ವರ್ಚುವಲ್‌ಬಾಕ್ಸ್ ಅಥವಾ ಗ್ನೋಮ್ ಬಾಕ್ಸಸ್ ಎಂಬ ತಂತ್ರಾಂಶ ಸಾಕು. ಏನೇ ಕೆಟ್ಟರೂ ಆ ಕಿಟಕಿಯೊಳಗೇ ಕೆಡುತ್ತದೆ. ಕನ್ನಡ ಟೈಪಿಂಗ್, ಫಾಂಟ್, ಅನುವಾದ, ಇನ್‌ಸ್ಟಾಲ್ ಆಗುವ ರೀತಿ, ಇವನ್ನೆಲ್ಲ ಇಲ್ಲೇ ಪರೀಕ್ಷಿಸಬಹುದು. ಆದರೆ ನಿಮ್ಮ ವೈಫೈ, ಗ್ರಾಫಿಕ್ಸ್ ಕಾರ್ಡ್, ಕ್ಯಾಮೆರಾ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರವಾಗುವುದು, ಇವು ಇಲ್ಲಿ ಗೊತ್ತಾಗುವುದಿಲ್ಲ. ಯಂತ್ರ ತುಂಬಾ ನಿಧಾನವಾಗಿದ್ದರೆ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ಮೊದಲು ಬರುವ ಸೆಟ್ಟಿಂಗ್ ಪರದೆಯಲ್ಲಿ, ವರ್ಚುವಲೈಸೇಷನ್ ಎಂಬುದು ಆಫ್ ಆಗಿದೆಯೇ ನೋಡಿ.

ಎರಡು, ಲೈವ್. ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ, ಡಿಸ್ಕನ್ನು ಮುಟ್ಟದೆ ಬಳಸುವುದು. ಯಂತ್ರಾಂಶ ಪರೀಕ್ಷೆಗೆ ಇದಕ್ಕಿಂತ ಸುಲಭದ್ದು ಇಲ್ಲ. ಆಫ್ ಮಾಡಿದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಮೂರು, ಬೇರೆ ಕಂಪ್ಯೂಟರ್ ಅಥವಾ ಬೇರೆ ಡಿಸ್ಕಿನಲ್ಲಿ ಪೂರ್ತಿ ಇನ್‌ಸ್ಟಾಲ್. ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಇದೇ ಕೆಲಸ ಕೊಡಿ. ಅಪ್‌ಡೇಟ್, ನಿದ್ರೆ, ಬ್ಯಾಟರಿ, ಪ್ರಿಂಟರ್ ಎಲ್ಲವೂ ನಿಜವಾಗಿ ಪರೀಕ್ಷೆಯಾಗುವುದು ಹೀಗೆ ವಾರಗಟ್ಟಲೆ ಬಳಸಿದಾಗಲೇ.

ವಿಂಡೋಸ್ ಇರುವ ಡಿಸ್ಕಿನಲ್ಲೇ ಪಕ್ಕದಲ್ಲಿ ಬೀಟಾ ಹಾಕುವ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಹಾಕಲೇಬೇಕು ಅನ್ನುವವರು ಎರಡು ವಿಷಯ ಮೊದಲೇ ನೋಡಿಕೊಳ್ಳಿ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ, ಬೂಟ್ ಸೆಟ್ಟಿಂಗ್ ಬದಲಾದ ಕೂಡಲೇ ಅದು ಉದ್ದನೆಯ ರಿಕವರಿ ಕೀ ಕೇಳಬಹುದು. ಆ ಕೀಯನ್ನು ಮುಂಚೆಯೇ ಕಾಗದದಲ್ಲಿ ಬರೆದಿಡಿ. ಇನ್ನೊಂದು, ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಆ ಸ್ಥಿತಿಯಲ್ಲಿ ಲಿನಕ್ಸ್ ಕಡೆಯಿಂದ ಆ ಡಿಸ್ಕಿಗೆ ಬರೆಯುವುದು ಅಪಾಯ.

ಹಂತ 2: ಬ್ಯಾಕಪ್ ಮಾಡಿ, ತೆರೆದು ನೋಡಿ

ಬರೀ ವರ್ಚುವಲ್ ಮೆಷಿನ್ ಬಳಸುವವರು ಇದನ್ನು ದಾಟಿ ಮುಂದೆ ಹೋಗಬಹುದು. ಉಳಿದವರು ದಯವಿಟ್ಟು ನಿಲ್ಲಿ.

ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದು ಪಕ್ಕಕ್ಕಿಡಿ. ಚುಚ್ಚಿಕೊಂಡೇ ಇದ್ದರೆ ಇನ್‌ಸ್ಟಾಲ್ ಮಾಡುವಾಗ ಕೈತಪ್ಪಿ ಅದೇ ಡಿಸ್ಕನ್ನು ಆರಿಸಿಬಿಡುವ ಸಂಭವ ಇದೆ. ನಕಲಾದ ಮೇಲೆ ಎರಡು ಮೂರು ಫೈಲುಗಳನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬುವ ಹಾಗಿಲ್ಲ.

ಟೈಮ್‌ಶಿಫ್ಟ್ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಉಳಿಸುವುದು ಸಿಸ್ಟಮ್ ಫೈಲುಗಳನ್ನು. ನಿಮ್ಮ ಹೋಮ್ ಫೋಲ್ಡರನ್ನು, ಅಂದರೆ ಫೋಟೋ, ಪತ್ರ, ಲೆಕ್ಕದ ಫೈಲುಗಳನ್ನು, ತಾನಾಗಿ ಉಳಿಸುವುದಿಲ್ಲ. 'ಟೈಮ್‌ಶಿಫ್ಟ್ ಇದೆಯಲ್ಲ' ಎಂದು ಧೈರ್ಯ ಮಾಡಿ ಫೋಟೋ ಕಳೆದುಕೊಂಡವರು ಇದ್ದಾರೆ.

ಹಂತ 3: ಇಳಿಸಿ, ಸರಿಯಾಗಿ ಇಳಿದಿದೆಯೇ ನೋಡಿ

ಉಬುಂಟುವಿನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲನ್ನು ಇಳಿಸಿ. ಐಎಸ್‌ಒ ಅಂದರೆ ಇಡೀ ಆಪರೇಟಿಂಗ್ ಸಿಸ್ಟಮನ್ನು ಒಂದೇ ಫೈಲಿನಲ್ಲಿ ಕಟ್ಟಿಟ್ಟ ಗಂಟು. ಬೇರೆ ಯಾರೋ ಹಂಚಿದ ಪ್ರತಿ ಬೇಡ. ಇಳಿಯುವಾಗ ಬಿಡುಗಡೆ ಟಿಪ್ಪಣಿ ಓದಿ, ಅದರಲ್ಲೂ 'ಗೊತ್ತಿರುವ ತೊಂದರೆಗಳು' ಎಂಬ ಭಾಗವನ್ನು ಪೂರ್ತಿ ಓದಿ. ನಿಮ್ಮ ಲ್ಯಾಪ್‌ಟಾಪಿನ ವಿಷಯ ಅಲ್ಲೇ ಇದ್ದರೆ ಅರ್ಧ ದಿನ ಉಳಿಯುತ್ತದೆ.

ಇಳಿದ ಮೇಲೆ ಚೆಕ್‌ಸಮ್ ನೋಡಬೇಕು. ಚೆಕ್‌ಸಮ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಅದು ಬೇರೆಯೇ ಬರುತ್ತದೆ. ಉಬುಂಟು ಬಳಸುವುದು ಶಾ-256 ಎಂಬ ಬಗೆ. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, 'ಶಾ256ಸಮ್' (sha256sum) ಆಜ್ಞೆಯ ಮುಂದೆ ಫೈಲಿನ ಹೆಸರು ಕೊಟ್ಟರೆ ಉದ್ದನೆಯ ಸಾಲೊಂದು ಬರುತ್ತದೆ. ತಾಣದಲ್ಲಿ ಕೊಟ್ಟಿರುವ ಸಾಲಿಗೆ ಅದು ಹೊಂದಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಿಂತು ನಿಂತು ಇಳಿಸಿದ ಫೈಲಿಗಂತೂ ಇದನ್ನು ತಪ್ಪಿಸಲೇಬೇಡಿ. ಅರೆಬರೆ ಇಳಿದ ಫೈಲಿನಿಂದ ಇನ್‌ಸ್ಟಾಲ್ ಮಾಡಿ 'ಬೀಟಾ ಸರಿಯಿಲ್ಲ' ಎಂದು ವರದಿ ಬರೆದರೆ ಓದುವವರ ಹೊತ್ತೂ ಹಾಳು, ನಿಮ್ಮ ಹೊತ್ತೂ ಹಾಳು.

ಬೀಟಾಕ್ಕೆ ಇಷ್ಟೆಲ್ಲ ಎಚ್ಚರ ಬೇಕಾ ಅನ್ನಿಸಬಹುದು. 24.04ರ ಬೀಟಾ ಏಪ್ರಿಲ್ 4ಕ್ಕೇ ಬರಬೇಕಿತ್ತು. ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ವಿಷಯ ಬಯಲು ಮಾಡಿದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿತ್ತು. ಯಾಕೆ ಎಂದು ಬೆನ್ನು ಹತ್ತಿದಾಗ, ಫೈಲು ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಅದು ಆಗ ಹೆಚ್ಚಾಗಿ ಹೊಕ್ಕಿದ್ದು ಬಿಡುಗಡೆಗೆ ಮುಂಚಿನ, ತಯಾರಾಗುತ್ತಿದ್ದ ಆವೃತ್ತಿಗಳನ್ನೇ. ಉಬುಂಟು ತಂಡ ಆ ದೋಷ ಬಂದ ನಂತರ ಕಟ್ಟಿದ್ದ ಪ್ಯಾಕೇಜುಗಳನ್ನೆಲ್ಲ, ಅಂದರೆ ಬಿಡಿ ಬಿಡಿ ತಂತ್ರಾಂಶಗಳ ಕಟ್ಟುಗಳನ್ನೆಲ್ಲ, ತೆಗೆದು ಮತ್ತೆ ಕಟ್ಟಿತು, ಬೀಟಾ ಒಂದು ವಾರ ಮುಂದೆ ಹೋಯಿತು. ಹಾಗಾಗಿ ಬೀಟಾ ಹಾಕಿದ ಯಂತ್ರದಲ್ಲಿ ಬ್ಯಾಂಕ್ ಖಾತೆ, ಕಚೇರಿಯ ಲಾಗಿನ್ ಬಳಸಬೇಡಿ. ಪರೀಕ್ಷೆಗೆಂದೇ ಬೇರೆ ಪಾಸ್‌ವರ್ಡ್ ಇಡಿ.

ಹಂತ 4: ಪೆನ್‌ಡ್ರೈವ್ ತಯಾರಿಸಿ, ಲೈವ್ ಆಗಿ ನೋಡಿ

ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಉಬುಂಟುವಿನಲ್ಲಿ 'ಸ್ಟಾರ್ಟಪ್ ಡಿಸ್ಕ್ ಕ್ರಿಯೇಟರ್', ವಿಂಡೋಸಿನಲ್ಲಿ ರುಫಸ್, ಎರಡರಲ್ಲೂ ಬಲೆನಾ ಎಚ್ಚರ್ ನಡೆಯುತ್ತದೆ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಬರೆಯುವ ಮುಂಚೆ ಪಟ್ಟಿಯಲ್ಲಿ ತೋರಿಸುವ ಗಾತ್ರ ನೋಡಿ. 8 ಅಥವಾ 16 ಜಿಬಿ ಅಂತ ಇದ್ದರೆ ಪೆನ್‌ಡ್ರೈವ್, 500 ಜಿಬಿ ಅಂತ ಇದ್ದರೆ ಅದು ನಿಮ್ಮ ಡಿಸ್ಕ್, ಅಲ್ಲೇ ನಿಲ್ಲಿ.

ಬೂಟ್ ಮಾಡಿ 'ಪ್ರಯತ್ನಿಸಿ ನೋಡಿ' ಎಂಬ ಆಯ್ಕೆ ಒತ್ತಿ. ವೈಫೈ, ಬ್ಲೂಟೂತ್, ಧ್ವನಿ, ಮೈಕ್, ಕ್ಯಾಮೆರಾ, ಪರದೆಯ ಬೆಳಕು ಏರಿಸುವ ಇಳಿಸುವ ಕೀಗಳು, ಟಚ್‌ಪ್ಯಾಡಿನ ಎರಡು ಬೆರಳಿನ ಸ್ಕ್ರೋಲ್, ಎರಡನೇ ಪರದೆ ಅಥವಾ ಪ್ರೊಜೆಕ್ಟರ್, ಮೊಬೈಲಿನಿಂದ ಯುಎಸ್‌ಬಿ ಮೂಲಕ ಇಂಟರ್ನೆಟ್, ಪ್ರಿಂಟರ್. ಒಂದೊಂದನ್ನೂ ನೋಡಿ ಪುಸ್ತಕದಲ್ಲಿ ಗುರುತು ಹಾಕಿ. ಲ್ಯಾಪ್‌ಟಾಪ್ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ, ವೈಫೈ ಮತ್ತೆ ಬರುತ್ತದೆಯೇ ಗಮನಿಸಿ. ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದದ್ದು ಈಗ ನಿಂತಿದ್ದರೆ ಅದಕ್ಕೆ 'ರಿಗ್ರೆಷನ್' ಎನ್ನುತ್ತಾರೆ. ವರದಿಯಲ್ಲಿ ಈ ಮಾತಿಗೆ ತೂಕ ಜಾಸ್ತಿ. ಅದಕ್ಕೇ ಹಳೆಯದರಲ್ಲಿ ಹೇಗಿತ್ತು ಎಂದೂ ಬರೆದುಕೊಳ್ಳಿ.

ನಿಮ್ಮದು ಯಾವುದೋ ಅಪರೂಪದ ಲ್ಯಾಪ್‌ಟಾಪ್ ಆಗಿದ್ದರೆ ನಿಮ್ಮ ಪರೀಕ್ಷೆ ಇನ್ನೂ ಮುಖ್ಯ. 2017ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 17.10, ಕರ್ನಲ್ಲಿನ (ಸಿಸ್ಟಮಿನ ತಿರುಳು ಭಾಗದ) ಒಂದು ಡ್ರೈವರಿನಿಂದಾಗಿ ಕೆಲವು ಲೆನೊವೊ ಮತ್ತಿತರ ಲ್ಯಾಪ್‌ಟಾಪ್‌ಗಳ ಬಯಾಸ್ ಅನ್ನೇ ಕೆಡಿಸುತ್ತಿತ್ತು. ಡಿಸೆಂಬರಿನಲ್ಲಿ ಅದರ ಡೌನ್‌ಲೋಡ್ ನಿಲ್ಲಿಸಬೇಕಾಯಿತು, ಸರಿಪಡಿಸಿದ ಪ್ರತಿ 2018ರ ಜನವರಿಯಲ್ಲಿ ಬಂತು. ಪ್ರಯೋಗಾಲಯದಲ್ಲಿ ಎಲ್ಲ ಮಾದರಿಯ ಲ್ಯಾಪ್‌ಟಾಪ್‌ಗಳನ್ನೂ ಇಟ್ಟುಕೊಳ್ಳಲು ಯಾರಿಂದಲೂ ಆಗುವುದಿಲ್ಲ ಅಲ್ವಾ?

ಹಂತ 5: ಇನ್‌ಸ್ಟಾಲ್ ಮಾಡಿ

ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇಲ್ಲಿ ಕನ್ನಡಿಗರು ಮಾಡುವ ತಪ್ಪೊಂದಿದೆ. ಭಾಷೆಯಾಗಿ ಕನ್ನಡ ಆರಿಸಬಹುದು, ಆದರೆ ಕೀಬೋರ್ಡನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಡಿ. ಕೀಬೋರ್ಡ್ ಕನ್ನಡ ಮಾಡಿ ಪಾಸ್‌ವರ್ಡ್ ಇಟ್ಟರೆ, ಕಾಣದ ಚುಕ್ಕೆಗಳ ಹಿಂದೆ ಏನು ಟೈಪ್ ಆಗಿದೆ ಅಂತ ಗೊತ್ತಾಗುವುದಿಲ್ಲ, ಲಾಗಿನ್ ಪರದೆಯಲ್ಲಿ ಸಿಕ್ಕಿಬೀಳುತ್ತೀರಿ. ಕನ್ನಡ ಕೀಬೋರ್ಡನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಯಾವ ಅಪ್ಲಿಕೇಷನ್‌ಗಳು ಬೇಕು ಎಂದು ಕೇಳುವಾಗ 'ಎಕ್ಸ್‌ಟೆಂಡೆಡ್' ಆರಿಸಿ. ಮಾಮೂಲಿ ಆಯ್ಕೆಯಲ್ಲಿ ಲಿಬ್ರೆಆಫೀಸ್ ಬರುವುದಿಲ್ಲ, ಕನ್ನಡ ಪರೀಕ್ಷೆಗೆ ಅದು ಬೇಕು. 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡಿ' ಎಂಬುದನ್ನು ಒತ್ತುವ ಮುಂಚೆ ಡಿಸ್ಕಿನ ಹೆಸರು, ಗಾತ್ರ ಎರಡನ್ನೂ ಓದಿ.

ಹಂತ 6: ದಿನವೂ ಅಪ್‌ಡೇಟ್ ಮಾಡಿ

ಬೀಟಾ ದಿನದಿನವೂ ಬದಲಾಗುತ್ತಿರುತ್ತದೆ. ನೀವು ಕಂಡ ದೋಷ ನಿನ್ನೆ ರಾತ್ರಿಯೇ ಸರಿಹೋಗಿರಬಹುದು. ಹಾಗಾಗಿ ವರದಿ ಮಾಡುವ ಮುಂಚೆ ಅಪ್‌ಡೇಟ್, ರೀಸ್ಟಾರ್ಟ್, ಮತ್ತೆ ಪರೀಕ್ಷೆ, ಈ ಕ್ರಮ ಇರಲಿ.

ಅಪ್‌ಡೇಟ್ ಮಾಡುವಾಗ ಕೆಲವೊಮ್ಮೆ 'ಪಾರ್ಷಿಯಲ್ ಅಪ್‌ಗ್ರೇಡ್' ಎಂದು ಕೇಳುತ್ತದೆ, ಅಥವಾ ಹತ್ತಾರು ಪ್ಯಾಕೇಜುಗಳನ್ನು ತೆಗೆದುಹಾಕುತ್ತೇನೆ ಎನ್ನುತ್ತದೆ. ಒಂದಕ್ಕೊಂದು ಅವಲಂಬಿಸಿದ ಪ್ಯಾಕೇಜುಗಳಲ್ಲಿ ಅರ್ಧ ಮಾತ್ರ ಹೊಸದಾಗಿ ಬಂದು, ಉಳಿದವು ಇನ್ನೂ ತಯಾರಾಗುತ್ತಿರುವಾಗ ಹೀಗಾಗುತ್ತದೆ. ತೆಗೆಯುವ ಪಟ್ಟಿಯಲ್ಲಿ ಡೆಸ್ಕ್‌ಟಾಪಿನ ಮುಖ್ಯ ಭಾಗಗಳು ಕಂಡರೆ ಒಪ್ಪಿಗೆ ಕೊಡಬೇಡಿ. ಮರುದಿನ ಮತ್ತೆ ಪ್ರಯತ್ನಿಸಿ, ಬಹುತೇಕ ಸಲ ತಾನಾಗಿ ಸರಿಹೋಗಿರುತ್ತದೆ. ಕಣ್ಣುಮುಚ್ಚಿ ಒಪ್ಪಿಗೆ ಒತ್ತಿದವರಿಗೆ ರೀಸ್ಟಾರ್ಟ್ ಆದ ಮೇಲೆ ಬರೀ ಕಪ್ಪು ಪರದೆ ಸಿಕ್ಕ ಉದಾಹರಣೆಗಳಿವೆ.

ಹಂತ 7: ಕನ್ನಡವನ್ನು ಪರೀಕ್ಷಿಸಿ

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. ಹಿಂದಿನದೆಲ್ಲ ಇಲ್ಲಿಗೆ ಬರುವ ದಾರಿ.

ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಭಾಗಕ್ಕೆ ಹೋಗಿ ಕನ್ನಡ ಸೇರಿಸಿ. ಇಲ್ಲಿ ಎರಡು ಬಗೆ ಇವೆ ಎಂಬುದನ್ನು ಗಮನಿಸಿ. ಕೆಲವು ಸಿಸ್ಟಮಿನದೇ ಕೀಬೋರ್ಡ್‌ಗಳು. ಇನ್ನು ಕೆಲವು ಐಬಸ್ ಎಂಬ ತಂತ್ರಾಂಶದ ಮೂಲಕ ಬರುತ್ತವೆ. ಐಬಸ್ ಅಂದರೆ ನೀವು ಒತ್ತಿದ ಇಂಗ್ಲಿಷ್ ಕೀಗಳನ್ನು ಕೂಡಿಸಿ ಕನ್ನಡ ಅಕ್ಷರ ಮಾಡಿಕೊಡುವ ಮಧ್ಯವರ್ತಿ. ಅದರಲ್ಲಿ ಕನ್ನಡ ಬೇಕಿದ್ದರೆ 'ಐಬಸ್-ಎಂ17ಎನ್' (ibus-m17n) ಎಂಬ ಪ್ಯಾಕೇಜ್ ಹಾಕಿಕೊಂಡು ಒಮ್ಮೆ ಲಾಗೌಟ್ ಆಗಿ ಬನ್ನಿ. ಆಗ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೊದಲಾದ ಟೈಪಿಂಗ್ ವಿಧಾನಗಳು ಪಟ್ಟಿಯಲ್ಲಿ ಬರುತ್ತವೆ. ಎರಡೂ ಬಗೆಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ. ವರದಿಯಲ್ಲಿ ಯಾವುದು ಎಂದು ಬರೆಯದಿದ್ದರೆ ದೋಷ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ವಿಂಡೋಸ್ ಗುರುತಿನ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗಬೇಕು, ಅದೂ ಒಂದು ಪರೀಕ್ಷೆಯೇ.

ಈಗ ಈ ಪದಗಳನ್ನು ಟೈಪ್ ಮಾಡಿ: ಸ್ತ್ರೀ, ರಾಷ್ಟ್ರ, ಸೂರ್ಯ, ಅರ್ಘ್ಯ, ಜ್ಞಾನ, ಕೃಷ್ಣ, ಕ್ಷೌರ, ದುಃಖ, ತೋಟ, ರ‍್ಯಾಂಕ್, ಸಾಫ್ಟ್‌ವೇರ್.

ಒಂದೊಂದಕ್ಕೂ ಕಾರಣ ಇದೆ. 'ಸ್ತ್ರೀ' ಮತ್ತು 'ರಾಷ್ಟ್ರ'ದಲ್ಲಿ ಎರಡು ಒತ್ತಕ್ಷರಗಳು ಬರುತ್ತವೆ. ಅವು ಒಂದರ ಮೇಲೊಂದು ಹತ್ತಬಾರದು, ಕೆಳಗಿನ ಸಾಲಿಗೆ ತಾಗಿ ಕತ್ತರಿಸಿಹೋಗಬಾರದು. 'ಸೂರ್ಯ', 'ಅರ್ಘ್ಯ' ಎರಡರಲ್ಲೂ ಅರ್ಕಾವತ್ತು ಇದೆ. ಮೊದಲು ಒತ್ತಿದ ರ ಕೊನೆಗೆ ಹೋಗಿ ಕೂರಬೇಕು, 'ಅರ್ಘ್ಯ'ದಲ್ಲಿ ಒತ್ತಕ್ಷರವನ್ನೂ ದಾಟಿ ಕೂರಬೇಕು. 'ಕೃಷ್ಣ'ದಲ್ಲಿ ವಟ್ರಸುಳಿ ನೋಡಿ. 'ತೋಟ'ದಲ್ಲಿ ಓತ್ವ ಮತ್ತು ದೀರ್ಘ ಬೇರೆ ಬೇರೆ ತುಂಡಾಗಬಾರದು.

ಕೊನೆಯ ಎರಡು ಪದಗಳು ಸ್ವಲ್ಪ ಸೂಕ್ಷ್ಮ. 'ರ‍್ಯಾಂಕ್'ನಲ್ಲಿ ಅರ್ಕಾವತ್ತು ಬೇಡ, ರ ಅಕ್ಷರವೇ ಪೂರ್ತಿ ಕಾಣಬೇಕು, ಕೆಳಗೆ ಯ ಒತ್ತು ಬರಬೇಕು. ಇದಕ್ಕೆ ನಡುವೆ 'ಜೋಡಕ' ಎಂಬ ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ. 'ಸಾಫ್ಟ್‌ವೇರ್'ನಲ್ಲಿ ಟ್ ಮತ್ತು ವೇ ಅಂಟಿಕೊಂಡು ಒತ್ತಕ್ಷರ ಆಗಬಾರದು. ಅಲ್ಲಿರುವುದು ಇನ್ನೊಂದು ಕಾಣದ ಅಕ್ಷರ, 'ಬಿಡಿಕ' ಎಂದುಕೊಳ್ಳಿ. ಈ ಎರಡರಲ್ಲಿ ಒಂದನ್ನು ಯಾವುದಾದರೂ ಅಪ್ಲಿಕೇಷನ್ ನುಂಗಿಹಾಕಿದರೆ ಕನ್ನಡ ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಇಷ್ಟನ್ನೂ ಒಂದೇ ಕಡೆ ನೋಡಿ ಬಿಡಬೇಡಿ. ಟೆಕ್ಸ್ಟ್ ಎಡಿಟರ್, ಲಿಬ್ರೆಆಫೀಸ್, ಫೈರ್‌ಫಾಕ್ಸ್, ಫೈಲಿನ ಹೆಸರು, ಮೇಲಿನ ಹುಡುಕುವ ಪೆಟ್ಟಿಗೆ, ಎಲ್ಲ ಕಡೆ ಟೈಪ್ ಮಾಡಿ. ಫೈರ್‌ಫಾಕ್ಸ್ ಉಬುಂಟುವಿನಲ್ಲಿ ಸ್ನ್ಯಾಪ್ ರೂಪದಲ್ಲಿ ಬರುತ್ತದೆ, ಅಂದರೆ ತನ್ನ ಸಾಮಾನನ್ನೆಲ್ಲ ತಾನೇ ಹೊತ್ತು ತರುವ ಪ್ಯಾಕೇಜ್. ಹಾಗಾಗಿ ಉಳಿದ ಕಡೆ ಸರಿಯಿದ್ದು ಅದರೊಳಗೆ ಮಾತ್ರ ಟೈಪಿಂಗ್ ಅಥವಾ ಫಾಂಟ್ ಕೈಕೊಡಬಹುದು. ಟೈಪ್ ಮಾಡಿದ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿ, ಬಾಣದ ಕೀಯಿಂದ ಅಕ್ಷರ ಅಕ್ಷರವಾಗಿ ಹಿಂದೆ ಹೋಗಿ. ಕರ್ಸರ್ ಒತ್ತಕ್ಷರದ ನಡುವೆ ನಿಲ್ಲುತ್ತದಾ? ಬರೆದುಕೊಳ್ಳಿ. ಕೋಪಿಸಿಕೊಂಡು ಬಿಟ್ಟುಬಿಡಬೇಡಿ.

ಲಿಬ್ರೆಆಫೀಸಿನಲ್ಲಿ ಕನ್ನಡಕ್ಕೆ ಫಾಂಟ್ ಬೇರೆಯಾಗಿ ಆರಿಸಬೇಕು. ಅದು ಕನ್ನಡವನ್ನು 'ಸಿಟಿಎಲ್' ಎಂಬ ಗುಂಪಿನಲ್ಲಿಡುತ್ತದೆ, ಕೂಡಿಕೊಂಡು ಆಕಾರ ಬದಲಿಸುವ ಲಿಪಿಗಳ ಗುಂಪು ಅದು. ಇಂಗ್ಲಿಷಿನ ಫಾಂಟ್ ಬದಲಿಸಿ ಕನ್ನಡ ಬದಲಾಗಲಿಲ್ಲ ಎಂದು ವರದಿ ಮಾಡಿದರೆ ಅದು ದೋಷ ಅಲ್ಲ.

ದೋಷ ಅಲ್ಲದ್ದು ಇನ್ನೂ ಎರಡಿವೆ. ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ ಕಡತ ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದಕ್ಕೆ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸಬೇಕು, ಬೀಟಾವನ್ನು ದೂರಿ ಪ್ರಯೋಜನವಿಲ್ಲ. ಹಾಗೆಯೇ ಟರ್ಮಿನಲ್ ಕಿಟಕಿಯಲ್ಲಿ ಕನ್ನಡ ಚೆದುರಿ ಕಾಣುವುದು ಬಹಳ ಹಳೆಯ ಮಿತಿ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಇರುತ್ತದೆ, ನಮ್ಮ ಅಕ್ಷರಗಳು ಅದರಲ್ಲಿ ಹಿಡಿಸುವುದಿಲ್ಲ.

ಇಡೀ ಸಿಸ್ಟಮನ್ನು ಕನ್ನಡಕ್ಕೆ ಬದಲಿಸಿದರೆ, ಲಾಗಿನ್ ಆದಾಗ ಫೋಲ್ಡರುಗಳ ಹೆಸರನ್ನೂ ಕನ್ನಡ ಮಾಡಲೇ ಎಂದು ಕೇಳುತ್ತದೆ. ಹಳೆಯ ಹೆಸರೇ ಇರಲಿ ಎನ್ನಿ. ಟರ್ಮಿನಲ್ಲಿನಲ್ಲಿ ಕೆಲಸ ಮಾಡುವಾಗ ತೊಂದರೆ ತಪ್ಪುತ್ತದೆ.

ಹಂತ 8: ದೋಷವನ್ನು ಎರಡು ಸಲ ಹಿಡಿಯಿರಿ

ಏನಾದರೂ ಕೆಟ್ಟದ್ದು ಕಂಡರೆ ಕೂಡಲೇ ವರದಿ ಬರೆಯಬೇಡಿ. ರೀಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ಮಾಡಿ ನೋಡಿ. ಆಮೇಲೆ ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದು ಅಲ್ಲೂ ನೋಡಿ. ಹೊಸ ಖಾತೆಯಲ್ಲೂ ಬಂದರೆ ಸಿಸ್ಟಮಿನ ದೋಷ. ಬರದಿದ್ದರೆ ನಿಮ್ಮ ಸೆಟ್ಟಿಂಗಿನಲ್ಲೇ ಏನೋ ಇದೆ. ಇಷ್ಟು ಸಣ್ಣ ಕೆಲಸ ಎಷ್ಟೋ ಸುಳ್ಳು ವರದಿಗಳನ್ನು ತಪ್ಪಿಸುತ್ತದೆ. ಆ ಹೊಸ ಖಾತೆಯ ಭಾಷೆಯನ್ನು ಇಂಗ್ಲಿಷಿನಲ್ಲಿಟ್ಟರೆ ಇನ್ನೊಂದು ಲಾಭ: ದೋಷದ ಸಂದೇಶ ಇಂಗ್ಲಿಷಿನಲ್ಲಿ ಸಿಗುತ್ತದೆ, ಅದನ್ನೇ ವರದಿಗೆ ಹಾಕಬಹುದು.

ಕಂಪ್ಯೂಟರ್ ನಿಂತೇಹೋದರೆ ರೀಸ್ಟಾರ್ಟ್ ಮಾಡಿ, 'ಜರ್ನಲ್‌ಸಿಟಿಎಲ್' (journalctl -b -1) ಎಂಬ ಆಜ್ಞೆಯಿಂದ ಹಿಂದಿನ ಬೂಟಿನ ಲಾಗ್ ತೆಗೆಯಬಹುದು. ಲಾಗ್ ಅಂದರೆ ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ನಿಂತ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟಿದ್ದರೆ ಆ ಸಾವಿರಾರು ಸಾಲುಗಳಲ್ಲಿ ಸರಿಯಾದ ಜಾಗ ಬೇಗ ಸಿಗುತ್ತದೆ.

ಹಂತ 9: ವರದಿ ಬರೆಯಿರಿ

ಮೊದಲು ಲಾಂಚ್‌ಪ್ಯಾಡಿನಲ್ಲಿ ಹುಡುಕಿ. ಅದೇ ದೋಷವನ್ನು ಬೇರೆಯವರು ಆಗಲೇ ಹೇಳಿದ್ದರೆ 'ನನಗೂ ಇದೇ ತೊಂದರೆ' ಎಂಬ ಗುರುತು ಒತ್ತಿದರೆ ಸಾಕು. ಎರಡನೆಯವರು ಒತ್ತಿದಾಗ ದೋಷದ ಸ್ಥಿತಿ 'ಹೊಸದು' ಎಂಬುದರಿಂದ 'ಖಚಿತ' ಎಂಬುದಕ್ಕೆ ಬದಲಾಗುತ್ತದೆ. ಒಂದು ಕ್ಲಿಕ್ಕಿಗೆ ಅಷ್ಟು ಬೆಲೆ ಇದೆ.

ಹೊಸದಾದರೆ ತಾಣಕ್ಕೆ ಹೋಗಿ ಕೈಯಿಂದ ಬರೆಯಬೇಡಿ. ತೊಂದರೆ ಬಂದ ಯಂತ್ರದಲ್ಲೇ ಟರ್ಮಿನಲ್ ತೆರೆದು 'ಉಬುಂಟು-ಬಗ್' (ubuntu-bug) ಎಂಬ ಆಜ್ಞೆ ಕೊಡಿ. ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಅಡ್ಡಗೆರೆ ಇಟ್ಟು, ಮುಂದೆ ಪ್ಯಾಕೇಜಿನ ಹೆಸರು ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ಬರೀ ಆಜ್ಞೆ ಕೊಡಿ, ಧ್ವನಿಯ ತೊಂದರೆಯೇ, ಪರದೆಯ ತೊಂದರೆಯೇ ಎಂದು ಅದೇ ಕೇಳುತ್ತಾ ಹೋಗುತ್ತದೆ. ಹೀಗೆ ಮಾಡಿದರೆ ಯಂತ್ರದ ಮಾದರಿ, ಪ್ಯಾಕೇಜಿನ ಆವೃತ್ತಿ, ಲಾಗ್ ಎಲ್ಲವೂ ತಾನಾಗಿ ಸೇರಿಕೊಳ್ಳುತ್ತವೆ. ಸೇರಿಸಿದ ಫೈಲುಗಳಲ್ಲಿ ನಿಮ್ಮ ಹೆಸರು, ವೈಫೈ ಹೆಸರು ಇರಬಹುದು. ಕಳಿಸುವ ಮುಂಚೆ ಒಮ್ಮೆ ನೋಡಿ.

ತಲೆಬರಹದಲ್ಲೇ ವಿಷಯ ತಿಳಿಯಬೇಕು. 'ಕನ್ನಡ ಸರಿಯಾಗಿ ಬರುತ್ತಿಲ್ಲ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಟೆಕ್ಸ್ಟ್ ಎಡಿಟರಿನಲ್ಲಿ ಐಬಸ್ ಕೆಜಿಪಿ ಬಳಸಿ ಅರ್ಘ್ಯ ಎಂದು ಟೈಪ್ ಮಾಡಿದರೆ ಅರ್ಕಾವತ್ತು ತಪ್ಪು ಜಾಗದಲ್ಲಿ ಬರುತ್ತದೆ' ಎಂದರೆ ಕೆಲಸ ಶುರುವಾಗುತ್ತದೆ. ಒಳಗೆ ನಾಲ್ಕು ವಿಷಯ ಬರೆಯಿರಿ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಹಿಂದಿನ ಆವೃತ್ತಿಯಲ್ಲಿ ಹೇಗಿತ್ತು. ಸರಳ ಇಂಗ್ಲಿಷ್ ಸಾಕು, ವ್ಯಾಕರಣ ತಪ್ಪಿದರೆ ಯಾರೂ ಬೇಸರಪಡುವುದಿಲ್ಲ.

ಕನ್ನಡದ ದೋಷಕ್ಕೆ ಇನ್ನೂ ಸ್ವಲ್ಪ ಕೆಲಸ ಇದೆ. ವರದಿ ಓದುವವರಿಗೆ ಕನ್ನಡ ಬರುವುದಿಲ್ಲ. ಸರಿಯಾದ 'ಅರ್ಘ್ಯ' ಯಾವುದು, ತಪ್ಪಾದದ್ದು ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಎರಡು ಚಿತ್ರ ಹಾಕಿ: ಹಳೆಯ ಆವೃತ್ತಿಯಲ್ಲಿ ಸರಿಯಾಗಿ ಕಂಡದ್ದು, ಬೀಟಾದಲ್ಲಿ ತಪ್ಪಾಗಿ ಕಂಡದ್ದು. ತಪ್ಪಿರುವ ಜಾಗಕ್ಕೆ ಕೆಂಪು ಸುತ್ತು ಎಳೆಯಿರಿ. ಯಾವ ಫಾಂಟ್ ಎಂದು ಬರೆಯಿರಿ: ನೋಟೊ, ಲೋಹಿತ್, ಗುಬ್ಬಿ, ನವಿಲು, ಯಾವುದಿದ್ದರೆ ಅದು. ಬೇರೆ ಫಾಂಟಿನಲ್ಲಿ ಅದೇ ಪದ ಸರಿ ಬಂದರೆ ದೋಷ ಫಾಂಟಿನದು. ಎಲ್ಲ ಫಾಂಟಿನಲ್ಲೂ ತಪ್ಪಿದರೆ ಅಕ್ಷರ ಜೋಡಿಸುವ ತಂತ್ರಾಂಶದ ಕಡೆ ನೋಡಬೇಕು. ಪದದ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನೂ ಕೊಟ್ಟರೆ ಇನ್ನೂ ಒಳ್ಳೆಯದು, 'ಕ್ಯಾರೆಕ್ಟರ್ಸ್' ಎಂಬ ಅಪ್ಲಿಕೇಷನ್ನಿನಲ್ಲಿ ಅವು ಸಿಗುತ್ತವೆ. ಪದವನ್ನು ಅಕ್ಷರವಾಗಿಯೂ ಅಂಟಿಸಿ, ಬರೀ ಚಿತ್ರ ಕೊಟ್ಟರೆ ಅವರು ಅದನ್ನು ಟೈಪ್ ಮಾಡಲಾರರು.

ಅನುವಾದ ಆಗದೆ ಇಂಗ್ಲಿಷಿನಲ್ಲೇ ಉಳಿದ ಸಾಲುಗಳನ್ನು ಹೀಗೆ ವರದಿ ಮಾಡಬೇಡಿ. ಅವುಗಳಿಗೆ ಲಾಂಚ್‌ಪ್ಯಾಡಿನ ಅನುವಾದ ವಿಭಾಗ ಇದೆ, ಉಬುಂಟುವಿನ ಡೆಸ್ಕ್‌ಟಾಪ್ ಒದಗಿಸುವ ಗ್ನೋಮ್‌ನದಾದರೆ ಆ ಯೋಜನೆಯ ಕನ್ನಡ ಅನುವಾದ ತಂಡ ಇದೆ. ಅಲ್ಲಿ ನೀವೇ ಅನುವಾದ ಸೂಚಿಸಬಹುದು.

ವರದಿ ಕಳಿಸಿದ ಮೇಲೆ ಇಮೇಲ್ ನೋಡುತ್ತಿರಿ. ಹೆಚ್ಚಿನ ಮಾಹಿತಿ ಕೇಳಿ ಸ್ಥಿತಿಯನ್ನು 'ಅಪೂರ್ಣ' ಎಂದು ಬದಲಿಸಬಹುದು. 60 ದಿನ ಯಾರೂ ಉತ್ತರಿಸದಿದ್ದರೆ ಆ ವರದಿ ತಾನಾಗಿ ಮುಚ್ಚಿಹೋಗುತ್ತದೆ. ಒಳ್ಳೆಯ ವರದಿಗಳೂ ಹೀಗೆ ಮುಚ್ಚಿಹೋಗಿದ್ದನ್ನು ನೋಡಿದಾಗ ಸಂಕಟವಾಗುತ್ತದೆ.

ಬೀಟಾ ಬೇಡ, ಈಗಿರುವುದರಲ್ಲೇ ಪರೀಕ್ಷಿಸಬಹುದಾ?

ಬಹುದು. ಬಿಡುಗಡೆಯಾದ ಆವೃತ್ತಿಗೆ ಬರುವ ಅಪ್‌ಡೇಟ್‌ಗಳೂ ಎಲ್ಲರಿಗೂ ಹೋಗುವ ಮುಂಚೆ 'ಪ್ರೊಪೋಸ್ಡ್' ಎಂಬ ಪೆಟ್ಟಿಗೆಯಲ್ಲಿ ಕನಿಷ್ಠ 7 ದಿನ ಕಾಯುತ್ತವೆ. ಆಗ ಯಾರಾದರೂ ಅದನ್ನು ಹಾಕಿ, ದೋಷ ನಿಜವಾಗಿ ಹೋಗಿದೆ ಎಂದು ದೃಢಪಡಿಸಬೇಕು. ಆ ದೋಷದ ಪುಟದಲ್ಲಿ ಹೇಗೆ ಪರೀಕ್ಷಿಸಬೇಕು ಎಂದು ಬರೆದಿರುತ್ತಾರೆ. ಆ ಪ್ರಕಾರ ಮಾಡಿ, ಪ್ಯಾಕೇಜಿನ ಆವೃತ್ತಿ ಸಂಖ್ಯೆಯ ಸಮೇತ ಫಲಿತಾಂಶ ಬರೆದರೆ ಸಾಕು. ಆದರೆ ಪ್ರೊಪೋಸ್ಡ್ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಒಟ್ಟಿಗೆ ಹಾಕಬೇಡಿ. ಬೇಕಾದ ಒಂದು ಪ್ಯಾಕೇಜನ್ನು ಮಾತ್ರ ತನ್ನಿ, ಪರೀಕ್ಷೆ ಮುಗಿದ ಮೇಲೆ ಆ ಪೆಟ್ಟಿಗೆಯನ್ನು ಆಫ್ ಮಾಡಿ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೂ ಇಂಥದ್ದೇ ವ್ಯವಸ್ಥೆ ಇದೆ. ಅಲ್ಲಿ ಬೋಧಿ ಎಂಬ ತಾಣದಲ್ಲಿ ಪರೀಕ್ಷೆಯಲ್ಲಿರುವ ಅಪ್‌ಡೇಟ್‌ಗೆ 'ಕರ್ಮ' ಅಂಕ ಕೊಡುತ್ತಾರೆ, ಒಳ್ಳೆಯದಿದ್ದರೆ ಕೂಡುವುದು, ಕೆಟ್ಟರೆ ಕಳೆಯುವುದು.

ಬಿಡುಗಡೆಯಾದ ಮೇಲೆ

ಬೀಟಾ ಹಾಕಿದವರು ಅಂತಿಮ ಆವೃತ್ತಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ದಿನವೂ ಅಪ್‌ಡೇಟ್ ಮಾಡುತ್ತಾ ಬಂದಿದ್ದರೆ ಬಿಡುಗಡೆಯ ದಿನ ನಿಮ್ಮಲ್ಲಿರುವುದೇ ಅಂತಿಮ ಆವೃತ್ತಿ. ಹಳೆಯ ಎಲ್‌ಟಿಎಸ್‌ನಿಂದ ಹೊಸ ಎಲ್‌ಟಿಎಸ್‌ಗೆ ಹೋಗುವವರಿಗೆ ಮಾತ್ರ ಅಪ್‌ಗ್ರೇಡ್ ಸೂಚನೆ ಮೊದಲ ತಿದ್ದುಪಡಿ ಆವೃತ್ತಿ ಬರುವವರೆಗೆ ಕಾಣುವುದಿಲ್ಲ. 24.04ಕ್ಕೆ ಆ 24.04.1 ಬಂದದ್ದು 2024ರ ಆಗಸ್ಟ್ ಕೊನೆಗೆ. ಆ ಮೊದಲ ತಿದ್ದುಪಡಿ ಆವೃತ್ತಿ ಬರುವವರೆಗೆ ಬಲವಂತವಾಗಿ ಅಪ್‌ಗ್ರೇಡ್ ಮಾಡಬೇಡಿ.

ನೀವು ಬರೆದ ದೋಷ 'ಸರಿಪಡಿಸಲಾಗಿದೆ' ಎಂದು ಬಂದರೆ, ಆ ಪದವನ್ನು ಅದೇ ಕೀಬೋರ್ಡಿನಲ್ಲಿ, ಅದೇ ಅಪ್ಲಿಕೇಷನ್ನಿನಲ್ಲಿ ಇನ್ನೊಂದು ಸಲ ಟೈಪ್ ಮಾಡಿ. ಸರಿ ಬಂದರೆ 'ಸರಿಹೋಗಿದೆ, ಧನ್ಯವಾದ' ಎಂದು ಆ ಪುಟದಲ್ಲಿ ಬರೆಯಿರಿ. ಬರದಿದ್ದರೆ ಹೊಸ ಚಿತ್ರ ತೆಗೆದು ಅಲ್ಲೇ ಸೇರಿಸಿ.